ನಿಧಾನಪ್ಪನ ಕೂಗುವ ಬ್ರೇಕು

ಅವನಿಗೆ ಹೆತ್ತವರು ಇಟ್ಟ ಹೆಸರು ಏನೋ ಒಂದಿತ್ತು. ಆದರೆ ಅವನಿದ್ದ ಕಟ್ಟಡದ ಎಲ್ಲ ಮನೆಯವರೂ, ನೀರು ಸರಬರಾಜು ಕಚೇರಿಯ ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರೂ, ಕೊನೆಗೆ ಹೆಂಡತಿಯ ಕಡೆಯ ನೆಂಟರೂ ಅವನನ್ನು ಕರೆಯುತ್ತಿದ್ದದ್ದು ನಿಧಾನಪ್ಪ ಎಂದೇ. ಅದಕ್ಕೆ ಅವನು ಬೇಸರ ಮಾಡಿಕೊಂಡಿರಲಿಲ್ಲ. ಬೇಸರ ಮಾಡಿಕೊಳ್ಳುವುದಕ್ಕೂ ಸ್ವಲ್ಪ ಚುರುಕುತನ ಬೇಕಾಗುತ್ತದೆ.

ಇಂಥ ನಿಧಾನಪ್ಪ ಯಾರೋ ಓಡಿಸಿ ದಣಿಸಿ ಬಿಟ್ಟಿದ್ದ ಒಂದು ಹಳೆಯ ಕಾರನ್ನು ಕೊಂಡು, ಅದರ ಹಿಂದಿನ ಗಾಜಿನ ಮೇಲೆ ‘ನಿಧಾನವೇ ಪ್ರಧಾನ’ ಎಂದು ದಪ್ಪ ಅಕ್ಷರದಲ್ಲಿ ಅಂಟಿಸಿಕೊಂಡ. ಅದನ್ನು ಓದಲು ಹಿಂದಿನವರಿಗೆ ಬೇಕಾದಷ್ಟು ಸಮಯ ಸಿಗುತ್ತಿತ್ತು. ಊರು ಗುಡ್ಡದ ಮೇಲಿತ್ತು, ಬೀದಿಗಳು ಬಹುಪಾಲು ಏರು ಇಳಿಜಾರು. ಇಳಿಜಾರಿನಲ್ಲಿ ನಿಧಾನಪ್ಪನ ಕಾರನ್ನು ಹಾಲಿನ ಸೈಕಲ್ಲು ಹಿಂದೆ ಹಾಕುತ್ತಿತ್ತು, ಪೇಪರಿನವನು ಹಿಂದೆ ಹಾಕುತ್ತಿದ್ದ, ಒಂದು ಸಲ ಯಾರದೋ ಮನೆಯಿಂದ ಉರುಳಿ ಬಂದ ಖಾಲಿ ಕೊಡವೂ ಹಿಂದೆ ಹಾಕಿತ್ತು. ಇಷ್ಟಾದರೂ ಪಕ್ಕದಲ್ಲಿ ಕೂತ ಹೆಂಡತಿ ದಾರಿಯುದ್ದಕ್ಕೂ ತನ್ನ ಕಾಲಡಿಯ ಮ್ಯಾಟನ್ನು ಒತ್ತಿ ಒತ್ತಿ ಹಿಡಿಯುತ್ತಿದ್ದಳು. ಅಲ್ಲಿ ಬ್ರೇಕಿಲ್ಲ ಎಂದು ಅವಳಿಗೂ ಗೊತ್ತಿತ್ತು. ಇರಬೇಕಾದ ಕಡೆಯಾದರೂ ಇದೆಯೋ ಇಲ್ಲವೋ ಎನ್ನುವುದೇ ಅವಳ ಅನುಮಾನ.

ಹೀಗಿರುವಾಗ ಒಂದು ದಿನ ಸಂಜೆ ಕಾರು ಓಣಿಯ ತಿರುವಿಗೆ ಬಂದು ನಿಧಾನಪ್ಪ ಬ್ರೇಕು ಒತ್ತಿದಾಗ ಅದು ‘ಕೀಂಯ್ಯ್’ ಎಂದು ಕೂಗಿತು. ಮಾರನೆಯ ದಿನವೂ ಕೂಗಿತು. ವಾರ ಕಳೆಯುವಷ್ಟರಲ್ಲಿ ಕಟ್ಟಡದವರಿಗೆ ಅದು ಅಭ್ಯಾಸವಾಗಿ ಹೋಯಿತು. ಮೇಲಿನ ಮನೆಯ ಟೀಚರಮ್ಮ ಕೀಂಯ್ಯ್ ಕೇಳಿದ ಕೂಡಲೇ ಒಲೆಯ ಮೇಲೆ ಇಟ್ಟ ಹಾಲಿನ ಕಡೆ ಓಡುತ್ತಿದ್ದರು. ತಿರುವಿನಿಂದ ಗೇಟಿಗೆ ನಿಧಾನಪ್ಪ ಬರುವುದಕ್ಕೂ ಹಾಲು ಉಕ್ಕುವುದಕ್ಕೂ ಸರಿಹೋಗುತ್ತಿತ್ತು. ಪಾಠ ಬಿಟ್ಟು ಆಡುತ್ತಿದ್ದ ಮಕ್ಕಳು ಓದುವ ಹೊತ್ತಾಯಿತೆಂದು ಪುಸ್ತಕ ಹಿಡಿಯುತ್ತಿದ್ದವು. ಸದ್ದು ಎಲ್ಲರಿಗೂ ಉಪಕಾರಿಯೇ ಆಗಿತ್ತು, ಒಬ್ಬರನ್ನು ಬಿಟ್ಟು.

ಆ ಒಬ್ಬರು ಕಟ್ಟಡದ ಸಂಘದ ಕಾರ್ಯದರ್ಶಿಗಳು. ಶಾಲಾ ತನಿಖಾಧಿಕಾರಿಯಾಗಿ ನಿವೃತ್ತರಾದವರು. ಕೆಲಸ ನಿವೃತ್ತಿಯಾಗಿತ್ತು, ತನಿಖೆ ಆಗಿರಲಿಲ್ಲ. ಒಂದು ಸಂಜೆ ಮೆಟ್ಟಿಲ ಬುಡದಲ್ಲೇ ನಿಧಾನಪ್ಪನನ್ನು ತಡೆದು ನಿಲ್ಲಿಸಿದರು.

“ಏನ್ರೀ ಅದು ನಿಮ್ಮ ಕಾರು? ಹಂದಿ ಕುತ್ತಿಗೆ ಹಿಚುಕಿದ ಹಾಗೆ ಕೂಗುತ್ತೆ! ನನ್ನ ಹೊಸ ಕಾರು ನೋಡಿ, ಬಂದು ನಿಂತರೆ ನನಗೇ ಗೊತ್ತಾಗಲ್ಲ.”

ಟೀಚರಮ್ಮ ಮೇಲಿನ ಕಟಾಂಜನದಿಂದ ಬಗ್ಗಿ ಕೇಳುತ್ತಿದ್ದರು. ಇನ್ನೊಂದು ಬಾಗಿಲು ಅರ್ಧ ತೆರೆಯಿತು. ಇಷ್ಟು ಜನರೆದುರು ‘ನನಗೆ ಗೊತ್ತಿಲ್ಲ’ ಎನ್ನುವುದು ಮನುಷ್ಯಮಾತ್ರದವರಿಗೆ ಸಾಧ್ಯವೇ? ನಿಧಾನಪ್ಪ ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ನಕ್ಕ. ಆ ನಗೆಯ ಅವಧಿಯಲ್ಲಿ ಅವನ ತಲೆಯೊಳಗೆ ಒಂದು ಸುಳ್ಳು ಹುಟ್ಟಿ, ಬೆಳೆದು, ಮದುವೆಯ ವಯಸ್ಸಿಗೆ ಬಂತು.

“ಅಯ್ಯೋ ಸಾರ್, ಅದು ಎಚ್ಚರಿಕೆ ಸದ್ದು! ಕಾರು ಮಾಡೋ ಕಂಪನಿಯವರೇ ಬೇಕು ಅಂತ ಇಟ್ಟಿರ್ತಾರೆ. ಒಳ್ಳೇ ಬ್ರೇಕಿಗೆ ಮಾತ್ರ ಬರುತ್ತೆ. ಅಡ್ಡ ಬರೋರಿಗೆ ಮೊದಲೇ ತಿಳೀಲಿ ಅಂತ.”

“ಹೌದಾ?” ಎಂದರು ಕಾರ್ಯದರ್ಶಿಗಳು. ದನಿ ಸ್ವಲ್ಪ ಇಳಿದಿತ್ತು.

“ಮತ್ತೆ! ಕೂಗೋ ಬ್ರೇಕೇ ಹಿಡಿಯೋ ಬ್ರೇಕು. ನಿಮ್ಮದು… ಕೂಗಲ್ವಾ?” ನಿಧಾನಪ್ಪ ಕಾರ್ಯದರ್ಶಿಗಳ ಮುಖವನ್ನು ಡಾಕ್ಟರು ರೋಗಿಯನ್ನು ನೋಡುವ ಹಾಗೆ ನೋಡಿದ. “ಹೊಸ ಕಾರಲ್ವಾ, ಪಾಪ, ಬರಬಹುದು. ಕಾಯಿರಿ.”

ಅಷ್ಟೇ. ಹೇಳಿದ್ದು ಅಷ್ಟೇ. ಆದರೆ ಕಾರ್ಯದರ್ಶಿಗಳ ಸ್ವಭಾವ ಊರಿಗೇ ಗೊತ್ತು. ಬೇರೆಯವರ ಹತ್ತಿರ ಇರುವುದು ತಲೆನೋವೇ ಆದರೂ ತಮ್ಮ ಹತ್ತಿರ ಅದಕ್ಕಿಂತ ದೊಡ್ಡದಿರಬೇಕು. ಅಂದಿನಿಂದ ಅವರು ಬೆಳಗ್ಗೆ ಬೆಳಗ್ಗೆಯೇ ಹೊಸ ಕಾರನ್ನು ಓಣಿಯಲ್ಲಿ ಓಡಿಸಿ ಓಡಿಸಿ ಬ್ರೇಕು ಹಾಕಿ, ಕಿಟಕಿಯಿಂದ ಕಿವಿ ಹೊರಗೆ ಚಾಚಿ ಕೇಳತೊಡಗಿದರು. ಕಾರು ಮೌನವ್ರತ ಹಿಡಿದಂತೆ ನಿಲ್ಲುತ್ತಿತ್ತು. ಕಾರು ಕೊಂಡ ಅಂಗಡಿಗೆ ಹೋಗಿ, “ನನ್ನ ಬ್ರೇಕು ಮೂಕ” ಎಂದು ದೂರು ಕೊಟ್ಟರು. ಅಂಗಡಿಯವನು ಹೊಸ ಕಾರು ಸದ್ದು ಮಾಡುತ್ತದೆಂದು ಬಂದವರನ್ನು ಕಂಡಿದ್ದ, ಮಾಡುವುದಿಲ್ಲವೆಂದು ಬಂದವರನ್ನು ಕಂಡಿರಲಿಲ್ಲ. ಮೊದಲು ಇವರಿಗೆ ಒಂದು ಲೋಟ ನೀರು ಕೊಟ್ಟ.

ಕಟ್ಟಡದಲ್ಲಿ ಈಗ ಎರಡು ಜಾತಿ ಹುಟ್ಟಿಕೊಂಡವು. ಕೂಗುವ ಬ್ರೇಕಿನವರು, ಕೂಗದ ಬ್ರೇಕಿನವರು. ಮೊದಲ ಜಾತಿಯಲ್ಲಿ ನಿಧಾನಪ್ಪ ಒಬ್ಬನೇ. ಟೀಚರಮ್ಮ ತಮ್ಮ ಸ್ಕೂಟರನ್ನೂ ಅವನ ಮುಂದೆ ನಿಲ್ಲಿಸಿ, “ಇದೂ ಕೂಗಲ್ಲಪ್ಪ, ಓಡಿಸಬಹುದಾ?” ಎಂದು ಕೇಳಿದರು. ನಿಧಾನಪ್ಪ ಬಗ್ಗಿ ಚಕ್ರದ ಹತ್ತಿರ ಕಿವಿಯಿಟ್ಟು, “ಜೋಪಾನವಾಗಿ ಓಡಿಸಿ” ಎಂದ. ಜಗತ್ತಿನಲ್ಲಿ ಯಾವ ವಾಹನಕ್ಕೂ ತಪ್ಪಾಗದ ಸಲಹೆ ಅದು.

ಮನೆಯೊಳಗೆ ಮಾತ್ರ ಈ ವಿದ್ವತ್ತು ನಡೆಯುತ್ತಿರಲಿಲ್ಲ. ಅಲ್ಲಿ ಅತ್ತೆ ಇದ್ದರು. ಹೆಂಡತಿಯ ತಾಯಿ. ಜೀವಮಾನವೆಲ್ಲ ಹೊಲಿಗೆ ಮಿಷನ್ನಿನ ಮುಂದೆ ಕೂತವರು. ಎರಡೂ ಕಣ್ಣಿಗೆ ಪೊರೆ ಬಂದು, ಸೂಜಿಗೆ ದಾರ ಪೋಣಿಸುವುದು ನಿಂತುಹೋದ ಮೇಲೆ ಮಗಳ ಮನೆಗೆ ಬಂದಿದ್ದರು. ಕಣ್ಣು ಹಿಂದೆ ಸರಿದಷ್ಟೂ ಕಿವಿ ಮುಂದೆ ಬಂದಿತ್ತು.

“ಅಳಿಯಂದ್ರೇ, ಬೊಗಳೋ ನಾಯಿ ಕಚ್ಚಲ್ಲ ಅಂತಾರೆ. ಕೂಗೋ ಬ್ರೇಕು ಹಿಡಿಯುತ್ತೆ ಅಂತ ಯಾವ ದೊಡ್ಡೋರು ಹೇಳಿದ್ದು?”

“ಅತ್ತೆ, ಅದು ನಾಯಿ, ಇದು ಕಾರು.”

“ಎರಡೂ ರಸ್ತೆ ಮೇಲೇ ತಾನೇ ಇರೋದು? ನಮ್ಮ ಮಿಷನ್ನು ಕಿರುಗುಟ್ಟಿದರೆ ಎಣ್ಣೆ ಬೇಕು ಅಂತ ಅರ್ಥ. ಹೊಗಳು ಅಂತ ಅಲ್ಲ.”

ಈ ಅತ್ತೆಯನ್ನು ಕಣ್ಣಿನ ಆಪರೇಷನ್ನಿಗೆ ಒಪ್ಪಿಸುವುದೇ ಒಂದು ದೊಡ್ಡ ಯುದ್ಧವಾಗಿತ್ತು. ದಿನ ಗೊತ್ತುಮಾಡುವುದು, ಹತ್ತಿರ ಬಂದಾಗ ಅವರಿಗೆ ಹೊಟ್ಟೆನೋವು ಬರುವುದು. ಮತ್ತೆ ಗೊತ್ತುಮಾಡುವುದು, ಮೊಣಕಾಲು ಹಿಡಿದುಕೊಳ್ಳುವುದು. ಡಾಕ್ಟರು ಬಾಯಿ ಬಿಟ್ಟೇ ಹೇಳಿದ್ದರು, “ಇನ್ನು ತಡ ಮಾಡಿದರೆ ಗಟ್ಟಿಯಾಗಿಬಿಡುತ್ತೆ, ಆಮೇಲೆ ನನ್ನ ಕೈಲೂ ಆಗಲ್ಲ.” ಕೊನೆಗೆ ನಿಧಾನಪ್ಪನೇ ಅವರ ಪಕ್ಕದಲ್ಲಿ ಕೂತು, “ಅತ್ತೆ, ಬಸ್ಸು ಬೇಡ, ಆಟೋ ಬೇಡ. ನಮ್ಮ ಕಾರಲ್ಲೇ, ಹೂವಿನ ಹಾಗೆ ಇಳಿಸಿಕೊಂಡು ಹೋಗ್ತೀನಿ” ಎಂದ ಮೇಲೆ ಒಪ್ಪಿದರು. “ಇದೇ ಕೊನೆ. ಈ ಸಲ ಏನಾದ್ರೂ ಅಡ್ಡ ಬಂತೋ, ನನ್ನನ್ನ ಮತ್ತೆ ಕೇಳಬೇಡಿ. ಕತ್ತಲಿಗೇ ಹೊಂದಿಕೊಂಡು ಬಿಡ್ತೀನಿ” ಎಂದೂ ಸೇರಿಸಿದರು. ಆಸ್ಪತ್ರೆ ಇದ್ದದ್ದು ಗುಡ್ಡದ ಬುಡದಲ್ಲಿ. ದಾರಿ ಹಾವಿನಂತೆ ಸುತ್ತಿ ಸುತ್ತಿ ಇಳಿಯುತ್ತಿತ್ತು.

ಆಪರೇಷನ್ನಿಗೆ ಇನ್ನೇನು ದಿನ ಬಂತು ಅನ್ನುವಾಗ ಬ್ರೇಕಿನ ಸದ್ದು ಬದಲಾಯಿತು. ಕೀಂಯ್ಯ್ ಹೋಗಿ ‘ಗರ್ರ್ರ್’ ಬಂತು. ಕಲ್ಲಿನ ಮೇಲೆ ಕಬ್ಬಿಣದ ಪೆಟ್ಟಿಗೆ ಎಳೆದ ಹಾಗೆ.

“ದನಿ ಒಡೆದಿದೆ ಅಳಿಯಂದ್ರೇ,” ಎಂದರು ಅತ್ತೆ ಕಿಟಕಿಯ ಪಕ್ಕದಿಂದ. “ಹುಡುಗರಿಗೆ ಮೀಸೆ ಬರೋವಾಗ ಆಗೋ ಹಾಗೆ.”

“ರೀ, ಯಾರಿಗಾದ್ರೂ ತೋರಿಸ್ರೀ,” ಎಂದಳು ಹೆಂಡತಿ. “ಪೇಟೆ ಹಿಂದುಗಡೆ ಬ್ರೇಕಮ್ಮ ಅಂತ ಒಬ್ಬರಿದಾರಂತೆ. ಬ್ರೇಕು ಬಿಟ್ಟು ಬೇರೆ ಕೆಲಸಾನೇ ಮುಟ್ಟಲ್ವಂತೆ.”

ನಿಧಾನಪ್ಪನಿಗೂ ಎದೆಯೊಳಗೆ ಅಳುಕಿತ್ತು. ಆದರೆ ತೋರಿಸುವುದಾದರೂ ಹೇಗೆ? ಊರಿಗೆಲ್ಲ ಬ್ರೇಕಿನ ಪಾಠ ಹೇಳಿದವನ ಕಾರು ಬ್ರೇಕಿನ ಅಂಗಡಿಯ ಮುಂದೆ ಚಕ್ರ ಕಳಚಿಕೊಂಡು ಕೂತಿದ್ದರೆ, ಕಂಡವರು ಬಾಯಲ್ಲಿ ನಗುತ್ತಾರೆಯೇ? “ಆಸ್ಪತ್ರೆಗೆ ಹೋಗಿ ಬರೋಣ, ಆಮೇಲೆ ನಿಧಾನವಾಗಿ ತೋರಿಸೋಣ” ಎಂದ. ಮಾರನೆಯ ದಿನ ತರಕಾರಿಗೆ ಹೊರಟಾಗ ಹೆಂಡತಿ ಕಾರಿನ ಬಾಗಿಲು ತೆರೆದು ಹಿಡಿದವನ ಮುಂದೆಯೇ ಚೀಲ ಹಿಡಿದು ನಡೆದುಕೊಂಡು ಹೋದಳು. ಅದು ನಿಧಾನಪ್ಪನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಕಾರ್ಯದರ್ಶಿಗಳೋ ಈ ಹೊಸ ಸದ್ದು ಕೇಳಿ ತಮ್ಮ ಹೊಸ ಕಾರನ್ನು ದುರುಗುಟ್ಟಿ ನೋಡಿದರು. ನಮ್ಮದು ಇನ್ನೂ ತೊದಲು ನುಡಿದಿಲ್ಲ, ಇವನದು ಆಗಲೇ ಸಿಂಹಗರ್ಜನೆ! ಇನ್ನು ತಡೆಯಲಾರದೆ ಆಪರೇಷನ್ನಿನ ದಿನ ಬೆಳಗ್ಗೆ, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ, ಬ್ರೇಕಮ್ಮನ ಶೆಡ್ಡಿನ ಮುಂದೆ ತಮ್ಮ ಕಾರನ್ನು ನಿಲ್ಲಿಸಿದರು. ಅಲ್ಲಿ ನಡೆದದ್ದನ್ನು ಅವರೇ ಆಮೇಲೆ ಮೆಟ್ಟಿಲ ಮೇಲೆ ಕೂತು ಎಲ್ಲರಿಗೂ ಹೇಳಿದರು. ಹೇಳಿದಾಗಲೆಲ್ಲ ಬ್ರೇಕಮ್ಮನ ಎತ್ತರ ಸ್ವಲ್ಪ ಹೆಚ್ಚುತ್ತಿತ್ತು.

ಶೆಡ್ಡಿನ ಗೋಡೆ ತುಂಬ ಸವೆದ ಬ್ರೇಕ್ ಪ್ಯಾಡುಗಳನ್ನು ಮೊಳೆ ಹೊಡೆದು ನೇತುಹಾಕಲಾಗಿತ್ತು, ಬೇಟೆಗಾರರ ಮನೆಯಲ್ಲಿ ಕೊಂಬು ನೇತುಹಾಕಿದ ಹಾಗೆ. ಅವುಗಳ ಕೆಳಗೆ ತೋಳು ಮಡಚಿ ನಿಂತಿದ್ದಳು ಬ್ರೇಕಮ್ಮ. ದೊಡ್ಡ ಆಳು, ಅದಕ್ಕಿಂತ ದೊಡ್ಡ ಗಂಟಲು.

“ಏನು ಸ್ವಾಮಿ? ಎಂಜಿನ್ನು ಅಂದ್ರೆ ಮುಂದಿನ ಅಂಗಡಿ. ಓಡಿಸೋದು ಯಾರು ಬೇಕಾದ್ರೂ ಮಾಡ್ತಾರೆ. ನಿಲ್ಲಿಸೋದು ಅಂದ್ರೆ ಮಾತ್ರ ನಾನು! ಈ ಊರಲ್ಲಿ ನಿಂತಿರೋ ಕಾರೆಲ್ಲ ನನ್ನಿಂದ ನಿಂತಿರೋದು.”

“ನನ್ನ ಬ್ರೇಕಿಗೆ ಸದ್ದು ಹಾಕಿಸಬೇಕಿತ್ತು,” ಎಂದರು ಕಾರ್ಯದರ್ಶಿಗಳು.

“ಸದ್ದು ತೆಗೆಸಬೇಕಾ?”

“ತೆಗೆಸೋದಲ್ಲಮ್ಮ, ಹಾಕಿಸೋದು! ನಮ್ಮ ಕೆಳಗಿನ ಮನೆಯವರ ಕಾರಿಗೆ ಇದೆಯಲ್ಲ, ಅಂಥದ್ದು. ಮೊದಲು ಕೀಂಯ್ಯ್ ಅಂತಿತ್ತು. ಈಗಂತೂ ಗರ್ರ್ರ್ ಅಂತ ಸಿಂಹದ ಹಾಗೆ!”

ಬ್ರೇಕಮ್ಮನ ಮಡಚಿದ ತೋಳು ಬಿಚ್ಚಿಕೊಂಡಿತು. “ಕೀಂಯ್ಯ್ ಹೋಗಿ ಗರ್ರ್ರ್ ಬಂದಿದೆಯಾ? ಆ ಕಾರು ಈಗೆಲ್ಲಿ?”

“ಮನೇಲೇ ಇರಬೇಕು. ಇವತ್ತು ಅತ್ತೇನ ಕೂರಿಸಿಕೊಂಡು ಗುಡ್ಡ ಇಳೀತಾರೆ, ಕಣ್ಣಿನ ಆಸ್ಪತ್ರೆಗೆ. ಯಾಕಮ್ಮ?”

ಮುಂದಿನದು ಕಾರ್ಯದರ್ಶಿಗಳಿಗೆ ಸರಿಯಾಗಿ ನೆನಪಿಲ್ಲ. ಯಾವ ಕಾರು, ಯಾವ ಮಾಡೆಲ್ಲು ಎಂದು ಕೇಳಿದ್ದು, ಗೋಡೆಯ ಪಕ್ಕದ ಕಪಾಟಿನಿಂದ ಏನೇನೋ ಡಬ್ಬಿ ಎಳೆದದ್ದು, ಹಿಂದಿನ ಸೀಟಿನ ಮೇಲೆ ಜಾಕು, ನಟ್ಟು ಬಿಚ್ಚುವ ಪಾನಾ ಎಲ್ಲ ದಡದಡ ಬಿದ್ದದ್ದು ಮಾತ್ರ ಗೊತ್ತು. ನೋಡುವಷ್ಟರಲ್ಲಿ ತಮ್ಮದೇ ಕಾರಿನಲ್ಲಿ ತಾವು ಪಕ್ಕದ ಸೀಟಿನಲ್ಲಿದ್ದರು, ಸ್ಟೇರಿಂಗು ಬ್ರೇಕಮ್ಮನ ಕೈಯಲ್ಲಿತ್ತು. “ಫೋನ್ ಮಾಡಿ ಅವರಿಗೆ!” ಎಂದು ಗುಡುಗಿದಳು. ಕಾರ್ಯದರ್ಶಿಗಳು ಮಾಡಿದರು. ಗಂಟೆ ಬಾರಿಸಿತು, ಬಾರಿಸಿತು. ಯಾರೂ ಎತ್ತಲಿಲ್ಲ.

ಎತ್ತುವುದಾದರೂ ಹೇಗೆ? ಸ್ಟೇರಿಂಗು ಮುಟ್ಟಿದ ಮೇಲೆ ಫೋನು ಮುಟ್ಟಬಾರದು ಎನ್ನುವುದು ನಿಧಾನಪ್ಪನ ವ್ರತ. ಅವನು ಸ್ಟೇರಿಂಗು ಮುಟ್ಟಿಕೊಂಡೇ ಕೂತಿದ್ದ. ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಿತ್ತು.

ಹಾಗೆ ನೋಡಿದರೆ ಅವರು ಬೆಳಕು ಹರಿಯುವಾಗಲೇ ಹೊರಡಬೇಕಿತ್ತು. ಅತ್ತೆ ಸ್ವೆಟರು ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತು ಯುಗವಾಗಿತ್ತು. ತಾಯಿಗೋಸ್ಕರ ಹೆಂಡತಿಯೂ ಪಂತ ಬಿಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದಳು. ನಿಧಾನಪ್ಪ ಮುಂದಿನ ಗಾಜು ಒರೆಸಿದ. ಹಿಂದಿನ ಗಾಜು ಒರೆಸಿದ. ಕನ್ನಡಕ ಮರೆತೆ ಎಂದು ಮನೆಯೊಳಗೆ ಹೋದ. ಕನ್ನಡಕ ತಂದ ಮೇಲೆ ಗಾಜು ಸರಿಯಾಗಿ ಒರೆಸಿಲ್ಲ ಎಂದು ಕಂಡಿತು. ಮತ್ತೆ ಒರೆಸಿದ. ಕಳಿಸಿಕೊಡಲು ಬಂದ ಟೀಚರಮ್ಮ ಕೈ ಬೀಸಿ ಬೀಸಿ ತೋಳು ನೋಯಿಸಿಕೊಂಡು ಒಳಗೆ ಹೋಗಿ ಇನ್ನೊಂದು ಸಲ ಬಂದರು.

“ರೀ, ಆಪರೇಷನ್ನು ಇವತ್ತೇ ರೀ!” ಎಂದಳು ಹೆಂಡತಿ.

“ಹೊರಟೆ, ಹೊರಟೆ. ನಿಧಾನವೇ…”

‘ಪ್ರಧಾನ’ ಬಾಯಿಂದ ಬರುವ ಮೊದಲು ಓಣಿಯ ತಿರುವಿನಲ್ಲಿ ಕಾರ್ಯದರ್ಶಿಗಳ ಹೊಸ ಕಾರು ಚೂಪಾಗಿ ಒಳಗೆ ತಿರುಗಿ, ಬಂದು, ಗೇಟಿಗೆ ಅಡ್ಡಲಾಗಿ, ಉಸಿರೂ ಬಿಡದೆ ನಿಂತಿತು. ಒಳಗಿಂದ ಬ್ರೇಕಮ್ಮ ಇಳಿದಳು. ಇನ್ನೊಂದು ಕಡೆಯಿಂದ ಕಾರ್ಯದರ್ಶಿಗಳು ಇಳಿದು ಗೇಟಿನ ಕಂಬವನ್ನು ತಬ್ಬಿಕೊಂಡರು.

“ಕೀಲಿ ಕೊಡಿ ಸ್ವಾಮಿ!”

ಕಟ್ಟಡದವರಿಗೆ ರೋಷ ಬಂತು. ಅವರ ಪ್ರಕಾರ ಇಡೀ ಓಣಿಯಲ್ಲಿ ಬ್ರೇಕು ಸರಿಯಿರುವ ಕಾರು ಇದೊಂದೇ. “ಯಾರಮ್ಮ ನೀನು? ನಮ್ಮ ನಿಧಾನಪ್ಪನ ಕಾರು ಮುಟ್ಟಬೇಡ!” ಎಂದು ಟೀಚರಮ್ಮ ಸೌಟು ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದರು. “ಕಣ್ಣಿನ ಆಪರೇಷನ್ನಿಗೆ ಹೋಗೋರನ್ನ ತಡೀತೀಯಾ?” ಎಂದರು ಇನ್ನೊಬ್ಬರು.

“ತಡಿಯೋದೇ ನನ್ನ ಕಸುಬು!” ಎಂದಳು ಬ್ರೇಕಮ್ಮ. ಕಿಟಕಿಯೊಳಗೆ ಕೈ ಹಾಕಿ ಕೀಲಿ ಎಳೆದುಕೊಂಡೂ ಬಿಟ್ಟಳು.

“ಮೇಡಂ, ಅದು ಕಂಪನಿಯವರೇ ಇಟ್ಟ ಎಚ್ಚರಿಕೆ…” ಎಂದು ನಿಧಾನಪ್ಪ ಎಲ್ಲರಿಗೂ ಕೇಳುವಂತೆ ಆರಂಭಿಸಿದ. ಕೊನೆಯ ಅಕ್ಷರ ಮುಟ್ಟುವಷ್ಟರಲ್ಲಿ ಅವನಿಗೇ ಕೇಳದಷ್ಟು ಸಣ್ಣಗಾಗಿತ್ತು.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅತ್ತೆಯ ದನಿ ಬಂತು. “ತಾಯೀ, ನೀನು ಯಾರೋ ನನಗೆ ಕಾಣಲ್ಲ. ಆದರೆ ದನಿ ಕೇಳಿದರೆ ಮಿಷನ್ನಿನ ಭಾಷೆ ಬಲ್ಲವಳ ಹಾಗಿದ್ದೀಯ. ಬಿಚ್ಚಿ ನೋಡು. ನಾನು ಕಾಯ್ತೀನಿ.”

ಎಲ್ಲರೂ ಇಳಿದು ಅತ್ತೆಯನ್ನು ಮೆಟ್ಟಿಲ ಮೇಲೆ ಕೂರಿಸಿದರು. ಚಕ್ರಗಳ ಹಿಂದೆ ಕಲ್ಲು ಇಟ್ಟರು. ಜಾಕು ಏರಿತು, ಮುಂದಿನ ಚಕ್ರ ಕಳಚಿ ಬಂತು. ಬ್ರೇಕಮ್ಮ ಪ್ಯಾಡನ್ನು ಹೊರಗೆಳೆದು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದಳು. ಪ್ಯಾಡು ಎಂಬುದು ಅದರಲ್ಲಿ ಉಳಿದಿರಲೇ ಇಲ್ಲ. ಬರೀ ಹಿಂದಿನ ಕಬ್ಬಿಣದ ತಗಡು. ಅದು ಉಜ್ಜಿ ಉಜ್ಜಿ ಚಕ್ರದ ಜೊತೆ ತಿರುಗುವ ಉಕ್ಕಿನ ಡಿಸ್ಕಿನ ಮೇಲೆ ಸುತ್ತಲೂ ಗೆರೆ ಬಿದ್ದಿತ್ತು.

“ಇದರ ಮೇಲೆ ಗ್ರಾಮಫೋನಿನ ಸೂಜಿ ಇಟ್ಟರೆ ಹಾಡು ಬರುತ್ತೆ,” ಎಂದಳು. “ಇಷ್ಟರಲ್ಲಿ ಗುಡ್ಡ ಇಳೀತಿದ್ರಾ? ಎರಡನೇ ತಿರುವಿನವರೆಗೆ ಇಳೀತಿದ್ರಿ. ಅಲ್ಲಿಂದ ಮುಂದೆ ಇಳಿಯೋದಲ್ಲ, ಹಾರೋದು.”

ಹೆಂಡತಿ ತಾಯಿಯ ಸ್ವೆಟರಿನ ತೋಳನ್ನು ಹಿಡಿದುಕೊಂಡಳು. ಬೀಸುವ ದೊಣ್ಣೆ ತಲೆಯ ಕೂದಲನ್ನು ಸವರಿಕೊಂಡು ಹೋದದ್ದು ನಿಧಾನಪ್ಪನಿಗೆ ಆಗ ತಿಳಿಯಿತು. ಅಲ್ಲೇ ಕಳಚಿಟ್ಟಿದ್ದ ಚಕ್ರದ ಮೇಲೆ ಕೂತುಬಿಟ್ಟ.

ಟೀಚರಮ್ಮ ಸೌಟನ್ನು ಅವನ ಕಡೆ ತಿರುಗಿಸಿದರು. “ಹಾಗಾದ್ರೆ ಆ ಎಚ್ಚರಿಕೆ ಸದ್ದು ಅಂದದ್ದು?”

ನಿಧಾನಪ್ಪ ಬಾಯಿ ತೆರೆದ. ಈ ಸಲ ಅವನ ತಲೆಯಲ್ಲಿ ಯಾವ ಸುಳ್ಳೂ ಹುಟ್ಟಲಿಲ್ಲ. ಬಾಯಿ ಹಾಗೇ ತೆರೆದುಕೊಂಡಿತ್ತು.

ಬ್ರೇಕಮ್ಮ ಅವನನ್ನೊಮ್ಮೆ ನೋಡಿದಳು. ಸುತ್ತ ನಿಂತವರನ್ನೂ ನೋಡಿದಳು. ಆಮೇಲೆ ಇದ್ದಕ್ಕಿದ್ದಂತೆ ಜೋರಾಗಿ, “ಅವರು ಹೇಳಿದ್ದು ನಿಜಾನೇ!” ಎಂದಳು.

“ಆಂ?” ಎಂದರು ಎಲ್ಲರೂ. ಎಲ್ಲರಿಗಿಂತ ಗಟ್ಟಿಯಾಗಿ ನಿಧಾನಪ್ಪ.

“ಹೌದ್ರೀ! ಪ್ಯಾಡಿನ ಪಕ್ಕ ಒಂದು ಪುಟ್ಟ ತಗಡಿನ ನಾಲಿಗೆ ಇಟ್ಟಿರ್ತಾರೆ, ಕಂಪನಿಯವರೇ. ಪ್ಯಾಡು ಸವೆದಾಗ ಅದು ಡಿಸ್ಕಿಗೆ ತಾಗಿ ಕೀಂಯ್ಯ್ ಅನ್ನುತ್ತೆ. ಅದು ಎಚ್ಚರಿಕೆ ಸದ್ದೇ. ಆದರೆ ಎಚ್ಚರಿಕೆ ರಸ್ತೇಲಿ ಹೋಗೋರಿಗಲ್ಲ, ಒಳಗೆ ಕೂತೋರಿಗೆ. ಅಷ್ಟು ದಿನ ಕೂಗಿ ಕೂಗಿ ಪಾಪ ನಾಲಿಗೆಯೇ ಸವೆದುಹೋಗಿದೆ. ಆಮೇಲೆ ಬಂದದ್ದೇ ಗರ್ರ್ರ್.”

ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನೀವು ಕಂಡಿರಬಹುದು. ಸುಳ್ಳೆಂದು ಹೇಳಿದ್ದು ನಿಜವಾಗಿ ಸಿಕ್ಕಿಬಿದ್ದವನು ನಮ್ಮ ನಿಧಾನಪ್ಪ ಒಬ್ಬನೇ. ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎದ್ದು ನಿಂತು ಕೈ ಮುಗಿದ. “ಮೇಡಂ, ನಾನು ಏನೂ ಗೊತ್ತಿಲ್ಲದೆ ಹೇಳಿದ್ದು. ನೀವು ಬರದೆ ಇದ್ದಿದ್ರೆ…”

“ಕೈ ಆಮೇಲೆ ಮುಗೀರಿ. ಈಗ ಆ ಪಾನಾ ಕೊಡಿ.”

ಆಮೇಲೆ ನಡೆದದ್ದು ಕಟ್ಟಡದವರು ಒಟ್ಟಾಗಿ ಮಾಡಿದ ಮೊದಲ ಕೆಲಸ. ಹೆಂಡತಿ ಆಸ್ಪತ್ರೆಗೆ ಫೋನು ಮಾಡಿ ಮಧ್ಯಾಹ್ನಕ್ಕೆ ಬರುತ್ತೇವೆಂದು ಬೇಡಿಕೊಂಡಳು. ಪುಣ್ಯಕ್ಕೆ ಡಾಕ್ಟರು ಒಪ್ಪಿದರು. ಅತ್ತೆ ಮನಸ್ಸು ಬದಲಾಯಿಸದಿರಲೆಂದು ಇಬ್ಬರು ಹೆಂಗಸರು ಅವರ ಅಕ್ಕಪಕ್ಕ ಕಾವಲು ಕೂತರು. ಬ್ರೇಕಮ್ಮನ ತಲೆಯ ಮೇಲೆ ಬಿಸಿಲು ಬೀಳದಂತೆ ಒಬ್ಬರು ಕೊಡೆ ಹಿಡಿದರು. ಟೀಚರಮ್ಮ ಚಹಾ ತಂದು, ಆ ಎಣ್ಣೆಗೈ ಲೋಟ ಮುಟ್ಟುವ ಹಾಗಿರಲಿಲ್ಲವಾಗಿ, ತಾವೇ ಕುಡಿಸಿದರು. ಕಾರ್ಯದರ್ಶಿಗಳು ಕಳಚಿದ ನಟ್ಟುಗಳನ್ನು ಟೋಪಿಯಲ್ಲಿ ಹಾಕಿಕೊಂಡು, ತನಿಖಾಧಿಕಾರಿಯ ಗಾಂಭೀರ್ಯದಿಂದ ಒಂದೊಂದಾಗಿ ಒದಗಿಸಿದರು. ಹೊಸ ಡಿಸ್ಕು ಕೂತಿತು, ಹೊಸ ಪ್ಯಾಡು ಕೂತಿತು. ಎರಡೂ ಕಡೆ. ಹಿಂದಿನ ಚಕ್ರಗಳನ್ನೂ ಕಳಚಿ ನೋಡಿದಳು, ಬ್ರೇಕ್ ಆಯಿಲ್ ನೋಡಿದಳು, ಹ್ಯಾಂಡ್‌ಬ್ರೇಕು ಎಳೆದು ನೋಡಿದಳು.

“ಇಷ್ಟು ನಿಧಾನ ಓಡಿಸೋರ ಬ್ರೇಕು ಹೇಗಮ್ಮ ಸವೆಯಿತು?” ಎಂದು ಕಾರ್ಯದರ್ಶಿಗಳು ಕೇಳಿದರು.

“ನೀವು ಒಂದು ಸಲ ಕೂತು ತೋರಿಸಿ,” ಎಂದಳು ಬ್ರೇಕಮ್ಮ ನಿಧಾನಪ್ಪನಿಗೆ. ಅವನು ಕೂತ. ಅವನಿಗೇ ತಿಳಿಯದಂತೆ ಅವನ ಕಾಲು ಹೋಗಿ ಬ್ರೇಕಿನ ಮೇಲೆ, ಮಗು ಅಮ್ಮನ ಮಡಿಲಿಗೆ ಹೋದ ಹಾಗೆ, ಒರಗಿಕೊಂಡಿತು.

“ನೋಡಿ! ಇವರು ಬ್ರೇಕು ಹಾಕೋದಲ್ಲ. ಬ್ರೇಕಿನ ಮೇಲೆ ಸಂಸಾರ ಹೂಡಿದಾರೆ. ಸ್ವಾಮಿ, ಇಳಿಜಾರಿನಲ್ಲಿ ಗೇರು ಇಳಿಸಿ, ಎಂಜಿನ್ನೇ ಹಿಡ್ಕೊಳ್ಳುತ್ತೆ. ಬೇಕಾದಾಗ ಒತ್ತಿ, ಬೇಡವಾದಾಗ ಬಿಡಿ. ಬ್ರೇಕೂ ಉಸಿರಾಡಬೇಕು.”

“ಅಂದ್ರೆ ಇವರ ನಿಧಾನವೇ ಬ್ರೇಕು ತಿಂದದ್ದು,” ಎಂದು ಅತ್ತೆ ಮೆಟ್ಟಿಲ ಮೇಲಿಂದ ತೀರ್ಪು ಕೊಟ್ಟರು. ಒಂದು ಕ್ಷಣ ಬಿಟ್ಟು, “ಬೆಳಗ್ಗೆ ನಮ್ಮನ್ನ ಉಳಿಸಿದ್ದೂ ಅದೇ ಅನ್ನಿ. ಬೇರೆಯವರಾಗಿದ್ರೆ ಯಾವಾಗಲೋ ಹೊರಟು, ತಲುಪಬಾರದ ಕಡೆ ತಲುಪಿರ್ತಿದ್ರು” ಎಂದರು. ಮದುವೆಯಾದಾಗಿನಿಂದ ಅತ್ತೆ ಅಳಿಯನನ್ನು ಹೊಗಳಿದ್ದು ಅದೇ ಮೊದಲು. ನಿಧಾನಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಈ ಸಲ ಗಾಜು ಕೊಳೆಯಾಗಿರಲಿಲ್ಲ.

ಹೊಸ ಪ್ಯಾಡು ಹೊಸ ಚಪ್ಪಲಿಯಂತೆ ಪಳಗಬೇಕು ಎಂದು ಬ್ರೇಕಮ್ಮ ಓಣಿಯ ಆಚೆಯ ಸಮತಟ್ಟಿನ ರಸ್ತೆಯಲ್ಲಿ ಅವನಿಂದ ಓಡಿಸಿ, ನಿಲ್ಲಿಸಿ, ಓಡಿಸಿ, ನಿಲ್ಲಿಸಿ ಮಾಡಿಸಿದಳು. ಕಾರು ಪಿಟ್ಟೆನ್ನದೆ ನಿಂತಿತು. ಗೇಟಿಗೆ ಮರಳಿದ ಮೇಲೆ ಪಕ್ಕದ ಸೀಟಿನಿಂದ ಇಳಿಯುತ್ತ ಕಾಲಡಿ ಬಗ್ಗಿ ನೋಡಿ, ಅಲ್ಲಿನ ಮ್ಯಾಟನ್ನು ಎಳೆದು ಎತ್ತಿ ಹಿಡಿದಳು. ಹಿಮ್ಮಡಿಯ ಜಾಗದಲ್ಲಿ ರಬ್ಬರು ತೂತಾಗಿ ಆ ಕಡೆಯ ಬೆಳಕು ಕಾಣುತ್ತಿತ್ತು.

“ಇಲ್ಲಿ ಯಾರು ಕೂರೋದು?”

“ನಾನು,” ಎಂದಳು ಹೆಂಡತಿ, ಕದ್ದು ಸಿಕ್ಕಿಬಿದ್ದವಳಂತೆ.

ಬ್ರೇಕಮ್ಮ ಜೋರಾಗಿ ನಕ್ಕಳು. “ಇವರ ಪ್ಯಾಡಿನ ಹಾಗೇ ನಿಮ್ಮ ಮ್ಯಾಟೂ ಸವೆದಿದೆ! ಕೇಳಿ ಸ್ವಾಮಿ, ನನ್ನ ಅಂಗಡಿ ಪದ್ಧತಿ ಒಂದಿದೆ. ಬ್ರೇಕು ಪಾಸು ಅಂತ ನಾನು ಹೇಳಲ್ಲ, ಓಡಿಸೋರೂ ಹೇಳೋ ಹಾಗಿಲ್ಲ. ಪಕ್ಕದಲ್ಲಿ ಕೂರೋರು ಹೇಳಬೇಕು. ಗುಡ್ಡ ಇಳಿದು ಹತ್ತಿ ಬಂದ ಮೇಲೆ ನನಗೆ ಫೋನ್ ಮಾಡಿ ಅವರ ಮಾತು ತಿಳಿಸಿ. ಅಲ್ಲಿವರೆಗೆ ನನ್ನ ಕೆಲಸ ಮುಗಿದಿಲ್ಲ.” ಇಷ್ಟು ಹೇಳಿ, ಸವೆದ ಪ್ಯಾಡನ್ನು ಗೋಡೆಗೆ ನೇತುಹಾಕಲು ಚೀಲಕ್ಕೆ ಹಾಕಿಕೊಂಡು, “ನನ್ನನ್ನ ಬಿಟ್ಟು ಬನ್ನಿ” ಎಂದು ಕಾರ್ಯದರ್ಶಿಗಳಿಗೆ ಅಪ್ಪಣೆ ಮಾಡಿದಳು. ಕಾರ್ಯದರ್ಶಿಗಳು ಓಡಿಹೋಗಿ ಮೊದಲು ಸ್ಟೇರಿಂಗಿನ ಮುಂದೆ ಕೂತರು.

ಮಧ್ಯಾಹ್ನ ಗುಡ್ಡ ಇಳಿದರು. ಗೇರು ಇಳಿಸಿ, ಬೇಕಾದಾಗ ಒತ್ತಿ, ಬೇಡವಾದಾಗ ಬಿಟ್ಟು. ಎರಡನೆಯ ತಿರುವು ಬಂದಾಗ ಮೂವರೂ ಉಸಿರು ಬಿಗಿಹಿಡಿದರು. ಕಾರು ತಿರುಗಿ, ನಿಧಾನಿಸಿ, ಮುಂದೆ ಹೋಯಿತು. ರಸ್ತೆಯ ಅಂಚಿನ ಗಿಡ್ಡ ಗೋಡೆ, ಅದರಾಚೆಯ ಬರೀ ಗಾಳಿ ಹಿಂದೆ ಸರಿದವು. ಅತ್ತೆ, “ಆ ತಾಯಿ ತಣ್ಣಗಿರಲಿ” ಎಂದರು.

ಆಪರೇಷನ್ನು ಚೆನ್ನಾಗಿ ಆಯಿತು. ಡಾಕ್ಟರು ಒಂದು ಕಣ್ಣಿಗೆ ಮುಚ್ಚಳ ಹಾಕಿ, “ನಾಳೆ ತೆಗೀತೀವಿ, ಸೂಜಿ ದಾರ ರೆಡಿ ಇಟ್ಕೊಳ್ಳಿ ಅಮ್ಮ” ಎಂದು ಕಳಿಸಿಕೊಟ್ಟರು. ಮರಳಿ ಗುಡ್ಡ ಹತ್ತುವಾಗ ಸಂಜೆಯಾಗಿತ್ತು. ಓಣಿ ಹತ್ತಿರ ಬರುತ್ತಿದ್ದಂತೆ ಅತ್ತೆ ಹಿಂದಿನಿಂದ ಮುಂದಕ್ಕೆ ಬಾಗಿದರು.

“ಅಳಿಯಂದ್ರೇ! ಒಂದು ಹೊಸ ಸದ್ದು ಬರ್ತಿದೆ.”

ನಿಧಾನಪ್ಪ ಕಿವಿ ನಿಮಿರಿಸಿದ. “ಎಲ್ಲಿಂದ ಅತ್ತೆ?”

“ಮುಂದಿನಿಂದ. ಪಕ್ಕದ ಸೀಟಿನ ಕಡೆಯಿಂದ. ಗುರ್… ಗುರ್… ಅಂತ.”

ತಿರುವಿನಲ್ಲಿ ಬ್ರೇಕು ಒತ್ತಿದ. ಸದ್ದಿಲ್ಲ. ಗೇಟಿನ ಮುಂದೆ ಕಾರನ್ನು ನಿಲ್ಲಿಸಿದ. ಆಗಲೂ ಸದ್ದಿಲ್ಲ. ಎಂಜಿನ್ನು ಆರಿಸಿ ಕಿವಿಗೊಟ್ಟ. ಗುರ್… ಗುರ್… ನಿಜ, ಬರುತ್ತಿತ್ತು. ಪಕ್ಕಕ್ಕೆ ತಿರುಗಿ ನೋಡಿದ. ಹೆಂಡತಿ ಚಪ್ಪಲಿ ಬಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದಳು. ಆ ಕಾರಿನಲ್ಲಿ ಅವಳು ಕಣ್ಣು ಮುಚ್ಚಿದ್ದನ್ನು ನಿಧಾನಪ್ಪ ಕಂಡದ್ದು ಅದೇ ಮೊದಲು.

ಹ್ಯಾಂಡ್‌ಬ್ರೇಕು ಎಳೆದ. ಸ್ಟೇರಿಂಗಿನಿಂದ ಎರಡೂ ಕೈ ತೆಗೆದ. ಆಮೇಲೆ ಫೋನು ತೆಗೆದು ಪಿಸುದನಿಯಲ್ಲಿ, “ಮೇಡಂ, ಬಂದ್ವಿ” ಎಂದ.

“ಪಕ್ಕದೋರು ಏನಂದ್ರು?” ಎಂದು ಆ ಕಡೆಯಿಂದ ಗುಡುಗು.

“ಏನೂ ಅನ್ನಲಿಲ್ಲ ಮೇಡಂ. ನೀವೇ ಕೇಳಿ.” ಫೋನನ್ನು ಹೆಂಡತಿಯ ಮುಖದ ಹತ್ತಿರ ಹಿಡಿದ. ಗುರ್… ಗುರ್…

ಅಷ್ಟು ದೊಡ್ಡ ಗಂಟಲು ಆ ಕಡೆ ಮೆಲ್ಲಗೆ, ಮಲಗಿದವಳಿಗೆ ಎಚ್ಚರವಾಗಬಾರದು ಎಂಬಂತೆ, “ಪಾಸು” ಎಂದಿತು.

ಅಷ್ಟರಲ್ಲಿ ಮೇಲಿನ ಮನೆಯಿಂದ ಸೀದ ಹಾಲಿನ ವಾಸನೆ ಬಂತು. ಹಿಂದೆಯೇ ಟೀಚರಮ್ಮ ಕಟಾಂಜನಕ್ಕೆ ಓಡಿ ಬಂದು ಕೆಳಗೆ ನಿಂತ ಕಾರನ್ನು ಕಂಡು, “ಅಯ್ಯೋ ನಿಧಾನಪ್ಪ! ಬಂದದ್ದು ಯಾವಾಗಲೋ? ಕೂಗೋದಲ್ವೇನೋ!” ಎಂದು ಬಾಯಿ ಮಾಡಿದರು. ಮಕ್ಕಳು ಚೆಂಡು ಬಿಟ್ಟು ಪುಸ್ತಕಕ್ಕೆ ಓಡಿದವು. ಕಾರ್ಯದರ್ಶಿಗಳು ಬಾಗಿಲು ತೆರೆದರು.

ನಿಧಾನಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ತುಟಿಯ ಮೇಲೆ ಬೆರಳಿಟ್ಟು, ಇಡೀ ಕಟ್ಟಡಕ್ಕೆ ಹೇಳಿದ:

“ಶ್ಶ್!”